ಚೀಲಕ್ಕೆ ಕಲ್ಲು

ಜಾರುಗಾಡಿ ಇಷ್ಟು ಭಾರ ಯಾವತ್ತೂ ಇರಲಿಲ್ಲ. ಮನೆಯಿಂದ ದಡದವರೆಗಿನ ಇಳಿಜಾರಿನಲ್ಲಿ ಅದು ತಾನಾಗಿಯೇ ಹಿಂದಿನಿಂದ ಬಂದು ಹಿಮ್ಮಡಿಗೆ ತಾಗುತ್ತಿದ್ದುದರಿಂದ ಹೆಲ್ವೆಗೆ ಗೊತ್ತಾಗಿರಲಿಲ್ಲ. ಹೆಪ್ಪುಗಟ್ಟಿದ ಸರೋವರದ ಮೇಲೆ ನೂರು ಹೆಜ್ಜೆ ಹೋಗುವುದರೊಳಗೆ ಎಳೆಯುವ ಹಗ್ಗ ದಪ್ಪ ಕೋಟಿನ ಮೇಲಿಂದಲೂ ಹೆಗಲನ್ನು ಕಚ್ಚಿತು. ಗಾಡಿಯ ಮೇಲಿದ್ದದ್ದು ಪ್ರತಿ ಭಾನುವಾರ ಇರುವಂಥದೇ: ಮಂಜುಗಡ್ಡೆ ಕೊರೆಯುವ ಬೈರಿಗೆ, ಕೂರುವ ಪೆಟ್ಟಿಗೆ, ಮೀನು ತುಂಬುವ ಕ್ಯಾನ್ವಾಸ್ ಚೀಲ, ಅದರ ಮೇಲೆ ಕುರಿಯ ಚರ್ಮ, ಚರ್ಮದ ಮೇಲೆ ಎರಡೂವರೆ ವರ್ಷದ ಮೊಮ್ಮಗ ಕಾಸ್ಪರ್. ಹುಡುಗ ಒಂದು ವಾರದಲ್ಲಿ ಇಷ್ಟು ಬೆಳೆಯುವುದುಂಟೇ? ಬೆಳೆದಿರಲಾರ. ಹಾಗಾದರೆ ಕುಗ್ಗಿದ್ದು ತಾನು. ಎಪ್ಪತ್ತೊಂದು ಎನ್ನುವುದು ಇಷ್ಟು ದಿನ ಬರೀ ಕಾಗದದ ಮೇಲಿತ್ತು, ಇವತ್ತು ಹೆಗಲಿಗೆ ಬಂದು ಕೂತಿದೆ. ಅದೂ ಇವತ್ತೇ, ಸೊಸೆ ಜೊತೆಗೆ ಬಂದಿರುವ ದಿನವೇ.

ಸೊಸೆ ಅನ್ನೆಲಿ ಐದು ವರ್ಷದ ಲೋವೀಸೆಯ ಕೈ ಹಿಡಿದು ಹಿಂದೆ ಬರುತ್ತಿದ್ದಳು. ತಾರ್ತು ನಗರದ ಆಸ್ಪತ್ರೆಯಲ್ಲಿ ಅವಳು ನರ್ಸು. ಭಾನುವಾರ ಸಾಮಾನ್ಯವಾಗಿ ಅವಳಿಗೆ ಡ್ಯೂಟಿ. ವಾರದ ಕೊನೆಗೆ ಮಕ್ಕಳನ್ನು ಕರೆದುಕೊಂಡು ತಾರ್ತುವಿನಿಂದ ಬರುವ ಮಗ ಇಂದ್ರೆಕ್ ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿಯೂ ಕಾಲು ತಣ್ಣಗಾಗುವುದನ್ನು ಸಹಿಸದವನು, ಸಂಜೆಗೆ ಸೌನಾ ಎಂಬ ಹಬೆಸ್ನಾನದ ಕೋಣೆ ಕಾಯಿಸುವ ನೆಪದಲ್ಲಿ ಮನೆಯಲ್ಲೇ ಉಳಿಯುತ್ತಿದ್ದ. ಹೀಗಾಗಿ ಚಳಿಗಾಲದ ಭಾನುವಾರಗಳಲ್ಲಿ ಮಕ್ಕಳನ್ನು ಸರೋವರಕ್ಕೆ ಕರೆದೊಯ್ಯುವುದು ಹೆಲ್ವೆಯ ಪಾಲಿಗೆ ಬಂದಿತ್ತು. ಆ ಪಾಲನ್ನು ಅವಳು ಯಾರೊಂದಿಗೂ ಹಂಚಿಕೊಳ್ಳಲು ತಯಾರಿರಲಿಲ್ಲ. ಈ ಭಾನುವಾರ ಬಿಡುವಿದೆ, ನಾನೂ ಬರುತ್ತೇನೆ ಎಂದು ಶುಕ್ರವಾರ ಅನ್ನೆಲಿ ಫೋನಿನಲ್ಲಿ ಹೇಳಿದಾಗಿನಿಂದ ಹೆಲ್ವೆಗೆ ಒಂದೇ ಯೋಚನೆ. ಮೂರು ಚಳಿಗಾಲದಲ್ಲಿ ಒಮ್ಮೆಯೂ ಬರದವಳು ಈಗ ಯಾಕೆ? ನೋಡಲು ಬರುತ್ತಿದ್ದಾಳೆ. ಮುದುಕಿ ಮಕ್ಕಳನ್ನು ನೋಡಿಕೊಳ್ಳಬಲ್ಲಳೋ ಇಲ್ಲವೋ ಎಂದು, ನರ್ಸುಗಳು ರೋಗಿಯ ಜೊತೆ ಹವಾಮಾನ ಮಾತಾಡುತ್ತಲೇ ನಾಡಿ ಹಿಡಿದು ನೋಡುತ್ತಾರಲ್ಲ, ಹಾಗೆ. ಸ್ವಲ್ಪ ದೂರ ತಾನು ಎಳೆಯಲೇ ಎಂದು ಅನ್ನೆಲಿ ಎರಡು ಸಲ ಕೇಳಿದಳು. ಎರಡು ಸಲವೂ ಹೆಲ್ವೆ, ಉಸಿರು ಸಾಲದೆ, ತಲೆಯಾಡಿಸಿಯೇ ಬೇಡವೆಂದಳು.

ಮಾರ್ಚ್ ತಿಂಗಳ ಬಿಸಿಲು. ಹಿಮ ಕರಗಿ ಮತ್ತೆ ಹೆಪ್ಪಾಗಿ, ಆಚೆ ದಡದಲ್ಲಿ ರಷ್ಯಾ ಇರುವ ಪೇಯ್ಪ್ಸಿ ಸರೋವರ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಅಲ್ಲಲ್ಲಿ ಪೆಟ್ಟಿಗೆಗಳ ಮೇಲೆ ಬಗ್ಗಿ ಕೂತ ಜನ, ದೂರದಿಂದ ನೋಡಿದರೆ ಯಾರೋ ಚೆಲ್ಲಿ ಹೋದ ಮೆಣಸಿನ ಕಾಳು. ಹಾದುಹೋಗುವಾಗ ಒಬ್ಬೊಬ್ಬರೂ ತಲೆ ಎತ್ತದೆ "ಚೀಲಕ್ಕೆ ಕಲ್ಲು" ಎನ್ನುತ್ತಿದ್ದರು. ಈ ದಡದಲ್ಲಿ ಮೀನಿಗೆ ಹೊರಟವರಿಗೆ ಒಳ್ಳೆಯದಾಗಲಿ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಮೀನಿಗೆ ಕೇಳಿಸಿಬಿಡುತ್ತದೆ. ನಿನ್ನ ಚೀಲಕ್ಕೆ ಕಲ್ಲು ಬೀಳಲಿ ಎನ್ನುತ್ತಾರೆ. ಅನ್ನಿಸಿಕೊಂಡವರು ಥ್ಯಾಂಕ್ಸ್ ಹೇಳದೆ ಮುಂದೆ ಹೋಗಬೇಕು. ಹಾಗೆ ಯಾರಾದರೂ ಅಂದಾಗಲೆಲ್ಲ ಲೋವೀಸೆ ತುಟಿ ಬಿಗಿ ಹಿಡಿದು, ಅಜ್ಜಿಯ ಮುಖವನ್ನೊಮ್ಮೆ ಗಾಡಿಯನ್ನೊಮ್ಮೆ ನೋಡಿ, ಒಳಗೊಳಗೇ ನಗುತ್ತಿದ್ದಳು. ಹೆಲ್ವೆಗೆ ಆ ನಗು ಗೊತ್ತಿತ್ತು. ಅದು ಗುಟ್ಟು ಇಟ್ಟುಕೊಂಡವರ ನಗು. ಒಂದು ವರ್ಷದಿಂದ ಆ ಮಗು ಹೀಗೆಯೇ ತುಟಿ ಬಿಗಿ ಹಿಡಿಯುತ್ತಿದೆ. ಕ್ರಿಸ್‌ಮಸ್ ಊಟಕ್ಕೆ ಕೂತಾಗ ಯಾರೋ ಸರೋವರದ ಮಾತೆತ್ತಿದ್ದಕ್ಕೆ, ಬಾಯಲ್ಲಿದ್ದ ಆಲೂಗಡ್ಡೆ ಅಗಿಯುವುದನ್ನೇ ನಿಲ್ಲಿಸಿ, ದೊಡ್ಡವರ ಹಾಗೆ, ಹೆಲ್ವೆಯ ಕಡೆ ನೋಡಿತ್ತು. ಆವತ್ತು ಹೆಲ್ವೆ ಅರ್ಧ ಊಟಕ್ಕೇ ಎದ್ದಿದ್ದಳು.

ಹಿಂದಿನಿಂದ ವಾಲ್ಡುರನ ಗಾಡಿ ಗುಡುಗುಟ್ಟುತ್ತ ಬಂತು. ಹಳೆಯ ಕಾರಿನ ಮೈಗೆ ಗಾಳಿ ತುಂಬಿದ ಆಳೆತ್ತರದ ಟೈರುಗಳನ್ನು ಕಟ್ಟಿ ಅವನೇ ಮಾಡಿಕೊಂಡದ್ದು. ಮಂಜುಗಡ್ಡೆ ಒಡೆದರೂ ತೇಲುತ್ತದೆ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾನೆ, ಪರೀಕ್ಷಿಸಲು ಯಾರಿಗೂ ಧೈರ್ಯವಿಲ್ಲ. ಹೆಲ್ವೆಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಕಿಟಕಿಯಿಂದ ತಲೆ ಹೊರಹಾಕಿ, "ಏನೇ ಹೆಲ್ವೆ, ನೀನು ಗಾಡಿ ಎಳೀತಿದ್ದೀಯೋ, ಗಾಡೀನೇ ನಿನ್ನ ಹಿಂದಕ್ಕೆ ಎಳೀತಿದೆಯೋ?" ಎಂದ.

"ನಿನ್ನ ಡಬ್ಬ ಕೆಟ್ಟು ನಿಲ್ಲೋದರೊಳಗೆ ನಾನು ಹೋಗಿ ಎರಡು ಮೀನು ಹಿಡಿದಿರ್ತೀನಿ. ಹೋಗೋ," ಎಂದಳು ಹೆಲ್ವೆ.

ಅವನು ನಗಲಿಲ್ಲ. ಅವಳ ಮುಖ ಕೆಂಪಾದದ್ದನ್ನು ನೋಡಿದ, ಹಿಂದಿದ್ದ ಸೊಸೆಯನ್ನು ನೋಡಿದ, ಎಲ್ಲ ಅರ್ಥವಾದವನ ಹಾಗೆ ಚೀಲಕ್ಕೆ ಕಲ್ಲು ಎಂದಷ್ಟೇ ಹೇಳಿ ಮುಂದೆ ಹೋದ. ಆದರೆ ಎಂದಿನಂತೆ ನೇರವಾಗಿ ಹೋಗಲಿಲ್ಲ. ಹೆಲ್ವೆಯ ಮುಂದೆಯೇ ನಿಧಾನವಾಗಿ, ದೊಡ್ಡ ಚಕ್ರದಿಂದ ಒರಟು ಹಿಮವನ್ನು ಅದುಮಿ ದಾರಿ ಮಾಡಿಕೊಟ್ಟುಕೊಂಡು ಹೋದ. ಅದನ್ನು ಗಮನಿಸಿ ಅವಳಿಗೆ ಕಣ್ಣು ತುಂಬಿತು, ಬಿಸಿಲಿಗೆ ಎಂದುಕೊಂಡಳು.

ಕಳೆದ ವರ್ಷವೂ ಇಂಥದೇ ಬಿಸಿಲು. ದಾರದ ತುದಿಯಲ್ಲಿ ಮೊಳಕೈಯುದ್ದದ ಮೀನು. ಇಡೀ ಚಳಿಗಾಲದಲ್ಲಿ ಯಾರಿಗೂ ಸಿಗದಂಥದ್ದು, ಮಂಜುಗಡ್ಡೆಯಲ್ಲಿ ಕೊರೆದ ತೂತಿನ ಬಾಯಿಗೆ ಬಂದು ಬಂದು ತಪ್ಪಿಸಿಕೊಳ್ಳುತ್ತಿತ್ತು. ಸುತ್ತಲಿನ ಗಂಡಸರು ತಮ್ಮ ಗಾಳದ ಕೋಲು ಬಿಟ್ಟು ನೋಡುತ್ತಿದ್ದರು. ನೋಡುತ್ತಿದ್ದಾರೆಂದು ಹೆಲ್ವೆಗೆ ಗೊತ್ತಿತ್ತು. ಆ ಗೊತ್ತಿದ್ದದ್ದೇ ತಪ್ಪು. ನಲವತ್ತು ವರ್ಷ ಶಾಲೆಯ ಗ್ರಂಥಾಲಯದಲ್ಲಿ ಪಿಸುಮಾತಿನಲ್ಲೇ ಬದುಕಿದ ಹೆಂಗಸು ಒಂದೇ ಒಂದು ನಿಮಿಷ ಎಲ್ಲರ ಕಣ್ಣು ತನ್ನ ಮೇಲಿರಲಿ ಎಂದು ಬಯಸಿದಳು. ಆ ನಿಮಿಷದಲ್ಲಿ ಲೋವೀಸೆ ನಾಲ್ಕು ಹೆಜ್ಜೆ ಆಚೆ, ಯಾರೋ ಕೊರೆದು ಬಿಟ್ಟುಹೋದ, ಮೇಲೆ ತೆಳ್ಳಗೆ ಹಿಮ ಕಟ್ಟಿದ ತೂತಿನೊಳಗೆ ಎಡಗಾಲನ್ನು ಮೊಣಕಾಲಿನವರೆಗೆ ಇಳಿಸಿದ್ದಳು. ಕಿರುಚಲಿಲ್ಲ. ಕಣ್ಣು ಅಗಲಿಸಿ ಸುಮ್ಮನೆ ನಿಂತಿದ್ದಳು. ವಾಲ್ಡುರ್ ಓಡಿಬಂದು ಎತ್ತಿದ. ಅವನ ಗಾಡಿಯೊಳಗಿನ ಪುಟ್ಟ ಒಲೆಯ ಪಕ್ಕ ಕೂತು ಹೆಲ್ವೆ ಆ ಸಣ್ಣ ಪಾದವನ್ನು ತನ್ನ ಸ್ವೆಟರಿನೊಳಗೆ, ಹೊಟ್ಟೆಗೆ ಒತ್ತಿ ಹಿಡಿದಳು. ಕಾಲುಚೀಲ ಹಬೆಯಾಡುತ್ತ ಒಣಗಿತು. ಒಣಗುವಷ್ಟರಲ್ಲಿ ಅವಳು ಆ ಮಾತು ಆಡಿಬಿಟ್ಟಿದ್ದಳು: ಐಸ್ ಮೇಲಿನ ಮಾತು ಐಸ್ ಮೇಲೇ ಇರಲಿ ಪುಟ್ಟಿ, ಅಮ್ಮನಿಗೆ ಹೇಳೋದು ಬೇಡ. ಮಗು ಎಷ್ಟು ಗಂಭೀರವಾಗಿ ತಲೆಯಾಡಿಸಿತು. ರಾತ್ರಿ ಊಟಕ್ಕೆ ಆ ಮೀನನ್ನೇ ಬೆಣ್ಣೆಯಲ್ಲಿ ಹುರಿದಳು. ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದಿದ್ದ ಅನ್ನೆಲಿ ಎರಡನೆಯ ಸಲ ಬಡಿಸಿಕೊಂಡು, ಇಂಥ ರುಚಿ ಎಲ್ಲೂ ತಿಂದಿಲ್ಲ ಅತ್ತೆ ಎಂದಳು.

ಜಾಗ ತಲುಪಿದ ಮೇಲೆ ಹೆಲ್ವೆ ಬೈರಿಗೆ ಇಳಿಸಿ ಕೊರೆಯತೊಡಗಿದಳು. ಎರಡು ಗೇಣು ದಪ್ಪದ ಮಂಜುಗಡ್ಡೆ. ಪ್ರತಿ ವಾರ ಒಂದೇ ಉಸಿರಿಗೆ ಕೊರೆಯುತ್ತಿದ್ದವಳು ಇವತ್ತು ಮೂರು ಸಲ ನಿಂತಳು. ನಿಂತಾಗಲೆಲ್ಲ ಅನ್ನೆಲಿ ಅತ್ತ ತಿರುಗಿ ಕಾಸ್ಪರನ ಮೂಗು ಒರೆಸುತ್ತಿದ್ದಳು. ಒಂದು ಮಗುವಿಗೆ ಅಷ್ಟು ಮೂಗು ಇರಲು ಸಾಧ್ಯವಿಲ್ಲ ಎಂದು ಹೆಲ್ವೆಗೆ ಹೊಳೆಯಿತು. ನೋಡಬಾರದೆಂದು ತಿರುಗಿಕೊಳ್ಳುತ್ತಿದ್ದಾಳೆ. ಅದು ಮರ್ಯಾದೆಯೋ, ಕನಿಕರವೋ? ಕನಿಕರವಾದರೆ ನೇರವಾಗಿ ಎದುರಿಗೇ ನಿಂತು ನೋಡಲಿ, ಅದೇ ವಾಸಿ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹುಡುಗನೊಬ್ಬ ಎದ್ದು, ತನ್ನ ಎರಡು ತೂತುಗಳನ್ನು ತೋರಿಸಿ, ಇಲ್ಲಿ ಸಣ್ಣವು ಕಚ್ಚುತ್ತಿವೆ, ಮಕ್ಕಳಿಗೆ ಖುಷಿ, ನನಗೆ ದೊಡ್ಡವು ಬೇಕು ಎಂದು ಹೇಳಿ ಪೆಟ್ಟಿಗೆ ಎತ್ತಿಕೊಂಡು ಹೋದ. ಐವತ್ತು ಹೆಜ್ಜೆ ಆಚೆ ಹೋಗಿ ಕೂತ. ದೊಡ್ಡ ಮೀನಿನ ಜಾಗ ಅದಲ್ಲವೆಂದು ಹೆಲ್ವೆಗೆ ಗೊತ್ತಿತ್ತು, ಅವನಿಗೂ ಗೊತ್ತಿದ್ದಿರಬೇಕು.

ಹುಡುಗ ಹೇಳಿದ್ದು ನಿಜವಾಗಿತ್ತು. ಗೇಣುದ್ದದ ಕೋಲಿನ ತುದಿ ಒಮ್ಮೆ ಬಾಗಿತು, ಎರಡು ಸಲ ಬಾಗಿತು, ಲೋವೀಸೆ ಎದ್ದು ನಿಂತು ಕೈಯಿಂದ ಕೈಗೆ ದಾರ ಎಳೆದಳು. ಮೈಮೇಲೆ ಪಟ್ಟೆ, ಕೆಂಪು ರೆಕ್ಕೆಯ ಮೀನೊಂದು ಬಿಸಿಲಿಗೆ ಬಂದು ಹಿಮದ ಮೇಲೆ ಕುಣಿಯಿತು. ಕಾಸ್ಪರ್ ಅದಕ್ಕೆ ಬ್ರೆಡ್ಡು ತಿನ್ನಿಸಲು ಹೋದ. ಅನ್ನೆಲಿಗೆ ಗಾಳಕ್ಕೆ ಹುಳು ಸಿಕ್ಕಿಸುವುದು ಬರುತ್ತಿರಲಿಲ್ಲ. ದಿನವೂ ಸೂಜಿ ಹಿಡಿಯುವ ಕೈ ಅಷ್ಟು ಸಣ್ಣ ಕೆಂಪು ಹುಳುವಿನ ಮುಂದೆ ಸೋತಿತು. ಲೋವೀಸೆ ತಾಯಿಗೆ ಹೇಳಿಕೊಟ್ಟಳು, ಹೆಲ್ವೆ ತನಗೆ ಹೇಳಿಕೊಟ್ಟ ಮಾತುಗಳಲ್ಲೇ: ಬಿಗಿ ಹಿಡೀಬೇಡ, ಅದಕ್ಕೂ ನೋವಾಗುತ್ತೆ. ಅನ್ನೆಲಿಗೂ ಒಂದು ಸಿಕ್ಕಿತು. ಎಳೆಯುವ ಗಡಿಬಿಡಿಯಲ್ಲಿ ಹಿಂದಕ್ಕೆ ಬಿದ್ದು, ಬಿದ್ದಲ್ಲಿಂದಲೇ ದಾರ ಬಿಡದೆ ಎಳೆದಳು. ಟೋಪಿ ಬಿದ್ದು ಕೂದಲೆಲ್ಲ ಹಿಮವಾಗಿ ಕೂತವಳನ್ನು ನೋಡಿ ಹೆಲ್ವೆಗೆ ಮೊದಲ ಸಲ ಅನ್ನಿಸಿತು, ಪಾಪ, ಇವಳು ಏನನ್ನೂ ನೋಡಲು ಬಂದಿಲ್ಲವೇನೋ. ಮರುಕ್ಷಣವೇ, ಹಾಗಿದ್ದರೆ ಇನ್ನೂ ಕಷ್ಟ ಎಂದೂ ಅನ್ನಿಸಿತು. ಪರೀಕ್ಷೆ ಮಾಡುವವರಿಂದ ಗುಟ್ಟು ಮುಚ್ಚಿಡಬಹುದು. ಹೀಗೆ ಹಿಮದಲ್ಲಿ ಬಿದ್ದು ನಗುವವಳಿಂದ ಹೇಗೆ ಮುಚ್ಚಿಡುವುದು?

ಒಂಬತ್ತು ಮೀನಾದ ಮೇಲೆ ಅನ್ನೆಲಿ ಚೀಲ ತರಲು ಗಾಡಿಯ ಹತ್ತಿರ ಹೋದಳು. ಕುರಿಯ ಚರ್ಮ ಸರಿಸಿ, ಚೀಲದ ಹಿಡಿ ಹಿಡಿದು ಎತ್ತಿದಳು. ಚೀಲ ಏಳಲಿಲ್ಲ. ಎರಡೂ ಕೈ ಹಾಕಿದಳು. ಆಮೇಲೆ ಬಾಯಿ ಬಿಡಿಸಿ ಒಳಗೆ ನೋಡಿ, ಒಂದೊಂದಾಗಿ ತೆಗೆದು ಹಿಮದ ಮೇಲೆ ಇಡತೊಡಗಿದಳು. ಏಳು ಕಲ್ಲು. ಸುಟ್ಟು ಕಪ್ಪಾದ, ಬಿರುಕು ಬಿಟ್ಟ ಕಲ್ಲುಗಳು. ಹಬೆ ಎಬ್ಬಿಸಲು ಕಾಯಿಸಿ ಕಾಯಿಸಿ ಹಾಳಾದವೆಂದು ಹಿಂದಿನ ದಿನ ಇಂದ್ರೆಕ್ ಸೌನಾ ಒಲೆಯಿಂದ ತೆಗೆದು ಬಾಗಿಲ ಪಕ್ಕ, ಈ ಗಾಡಿ ನಿಲ್ಲುವ ಜಾಗದಲ್ಲೇ, ರಾಶಿ ಹಾಕಿದ್ದವು.

ಹೆಲ್ವೆ ಆ ಕಲ್ಲುಗಳನ್ನೇ ನೋಡಿದಳು. ತನ್ನ ಎಪ್ಪತ್ತೊಂದು ವರ್ಷ ಅಲ್ಲಿ ಸಾಲಾಗಿ ಕೂತು ಬಿಸಿಲು ಕಾಯಿಸುತ್ತಿತ್ತು. ಹೊಟ್ಟೆಯೊಳಗಿನಿಂದ ನಗು ಮೇಲೆ ಬರುತ್ತಿತ್ತು, ಇನ್ನೇನು ಬಾಯಿಗೆ ಬರಬೇಕು, ಅಷ್ಟರಲ್ಲಿ ಅನ್ನೆಲಿ ಮಗಳನ್ನು ಕೇಳಿದಳು, ಇದು ಯಾರ ಕೆಲಸ ಎಂದು.

"ನಂದು," ಎಂದಳು ಲೋವೀಸೆ. "ಎಲ್ಲರೂ ಅಜ್ಜಿಗೆ ಚೀಲಕ್ಕೆ ಕಲ್ಲು ಚೀಲಕ್ಕೆ ಕಲ್ಲು ಅಂತಾರೆ, ಒಬ್ಬರೂ ಕೊಡಲ್ಲ. ನಾನು ಹೋದ ಭಾನುವಾರ ಎಣಿಸಿದೆ. ಏಳು ಜನ."

"ನಮಗೆ ಯಾಕೆ ಹೇಳಲಿಲ್ಲ ಪುಟ್ಟ? ಅಜ್ಜಿ ಪಾಪ ಇಷ್ಟು ದೂರ ಎಳಕೊಂಡು ಬಂದರಲ್ಲ."

"ಐಸ್ ಮೇಲಿನ ಮಾತು ಅಮ್ಮನಿಗೆ ಹೇಳಬಾರದಲ್ಲ," ಎಂದಳು ಲೋವೀಸೆ. ಹೇಳಿದ ಮೇಲೆ ಏನು ಹೇಳಿದೆನೆಂದು ಗೊತ್ತಾಗಿ ಎರಡೂ ಕೈಯಿಂದ, ಒದ್ದೆ ಕೈಗವಸು ಸಮೇತ, ಬಾಯಿ ಮುಚ್ಚಿಕೊಂಡಳು.

ಆ ಕೈಗವಸಿನ ಮೇಲಿನ ಕಣ್ಣುಗಳು ಹೆಲ್ವೆಯ ಕಡೆ ತಿರುಗಿದವು. ಭಯದಿಂದಲ್ಲ, ಕ್ಷಮೆ ಕೇಳುವ ಹಾಗೆ. ಅಜ್ಜಿಯ ತಪ್ಪಿಗೆ ಮಗು ಅಜ್ಜಿಯ ಹತ್ತಿರವೇ ಕ್ಷಮೆ ಕೇಳುತ್ತಿದೆ. ಇದಕ್ಕಿಂತ ಕೆಳಗಿಳಿಯಲು ಜಾಗವಿಲ್ಲ ಎಂದು ಹೆಲ್ವೆಗೆ ಅನ್ನಿಸಿತು. ಯಾರು ಹೇಳಿದ್ದು ಎಂದು ಅನ್ನೆಲಿ ಕೇಳುವ ಮೊದಲೇ, ನಾನು, ಎಂದಳು. ಪೆಟ್ಟಿಗೆಯಿಂದ ಎದ್ದು ನಿಂತು, ಕೈ ಕೆಳಗೆ ಬಿಟ್ಟುಕೊಂಡು, ಎಲ್ಲವನ್ನೂ ಹೇಳಿದಳು: ದೊಡ್ಡ ಮೀನು, ನೋಡುತ್ತಿದ್ದ ಗಂಡಸರು, ತೂತು, ಕಾಲು, ಒಲೆ, ಒಣಗಿದ ಕಾಲುಚೀಲ, ಬೆಣ್ಣೆಯಲ್ಲಿ ಹುರಿದದ್ದು. ಗಂಡಸರ ವಿಷಯ ಹೇಳಬೇಕಾಗಿರಲಿಲ್ಲ. ಆದರೆ ಅದನ್ನು ಬಿಟ್ಟರೆ ಮತ್ತೊಂದು ಗುಟ್ಟು ಉಳಿಯುತ್ತಿತ್ತು.

ಅನ್ನೆಲಿ ಮೊದಲು ನರ್ಸಿನ ಪ್ರಶ್ನೆಗಳನ್ನೇ ಕೇಳಿದಳು. ಯಾವ ಕಾಲು, ಎಷ್ಟು ಹೊತ್ತು, ಬೆರಳು ಬೆಳ್ಳಗಾಗಿತ್ತೇ. ಕಾಸ್ಪರ್ ಒಂದೊಂದೇ ಕಲ್ಲಿನ ಮೇಲೆ ಒಂದೊಂದು ಮೀನು ಮಲಗಿಸುತ್ತಿದ್ದ. ದೂರದಲ್ಲಿ ಮಂಜುಗಡ್ಡೆ ಒಮ್ಮೆ ನರಳಿ ಸುಮ್ಮನಾಯಿತು.

"ಕಾಲು ಒಣಗುತ್ತೆ ಅತ್ತೆ," ಎಂದಳು ಕೊನೆಗೆ. ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ನನ್ನ ಕೈಲಿದ್ದಾಗಲೂ ಇವಳು ಏಣಿಯಿಂದ ಬಿದ್ದಿದ್ದಾಳೆ. ಆದರೆ ನಾಳೆ ಇವಳಿಗೆ ನನ್ನ ಹತ್ರ ಏನೋ ಹೇಳಲೇಬೇಕಾಗಿ ಬಂದು, ಆಗ ನಿಮ್ಮ ಮಾತು ನೆನಪಾಗಿ ಸುಮ್ಮನಿದ್ದುಬಿಟ್ಟರೆ?"

ಇನ್ನು ಮುಂದೆ ಭಾನುವಾರಗಳು ಹೇಗಿರುತ್ತವೆ ಎಂಬುದು ಹೆಲ್ವೆಗೆ ಸ್ಪಷ್ಟವಾಗಿ ಕಂಡಿತು. ತಾನೊಬ್ಬಳೇ ಎಳೆಯುವ ಹಗುರವಾದ ಗಾಡಿ. ಮಕ್ಕಳು ತಾರ್ತುವಿನಲ್ಲಿ ಯಾವುದೋ ಈಜುಕೊಳದಲ್ಲಿ. ಹಾಗೇ ಆಗಲಿ, ಅದು ನ್ಯಾಯವೇ. ಆದರೆ ಅದಕ್ಕೆ ಮೊದಲು ಮಾಡಬೇಕಾದದ್ದು ಒಂದಿತ್ತು. ಅವಳು ಮಂಜುಗಡ್ಡೆಯ ಮೇಲೆ ಮಂಡಿಯೂರಿ ಮೊಮ್ಮಗಳ ಕೈಗಳನ್ನು ಬಾಯಿಂದ ಬಿಡಿಸಿದಳು.

"ಲೋವಿ, ಕೇಳಿಲ್ಲಿ. ಅಜ್ಜಿ ನಿಂಗೆ ತಪ್ಪು ಹೇಳಿಕೊಟ್ಟಿದ್ದೆ. ಹೆದರಿಕೊಂಡು ಹೇಳಿದ್ದು. ಐಸ್ ಮೇಲಿನ ಮಾತಾಗಲಿ, ಯಾವ ಮಾತೇ ಆಗಲಿ, ಅಮ್ಮನಿಗೆ ಹೇಳಬಹುದು. ಎಲ್ಲಾನೂ."

"ಎಲ್ಲಾನೂ?"

"ಎಲ್ಲಾನೂ."

ಲೋವೀಸೆ ಅಜ್ಜಿಯ ಮುಖವನ್ನು ಒಂದು ಕ್ಷಣ ಅಳೆದಳು. ನಿಜವೆಂದು ಖಾತ್ರಿಯಾದದ್ದೇ ತಾಯಿಯ ಕಡೆ ತಿರುಗಿ, ಉಸಿರೆಳೆದುಕೊಂಡು, ವರ್ಷದ ಬಾಕಿಯನ್ನೆಲ್ಲ ಸುರಿಯತೊಡಗಿದಳು. ಊಟಕ್ಕೆ ಮೊದಲೇ ಅಜ್ಜಿ ಚಾಕೊಲೇಟ್ ಮುಚ್ಚಿದ ಸಿಹಿ ಗಟ್ಟಿಮೊಸರಿನ ತುಂಡು ಎರಡೆರಡು ಕೊಡುತ್ತಾಳೆ. ವಾಲ್ಡುರ್ ಅಜ್ಜ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕೊಟ್ಟಿದ್ದಾನೆ, ಅದು ಕಹಿ. ಹೋದ ಭಾನುವಾರ ಕಾಸ್ಪರ್ ಕೆಂಪು ಹುಳು ತಿಂದ. ಅಜ್ಜಿಗೆ ಅರ್ಜೆಂಟ್ ಆದಾಗ ವಾಲ್ಡುರ್ ಅಜ್ಜನಿಗೆ, ನೀನು ರಷ್ಯಾ ಕಡೆ ತಿರುಗಿ ನಿಲ್ಲು ಎಂದು ಹೇಳಿ ಅವನ ಗಾಡಿಯ ಹಿಂದೆ ಹೋಗುತ್ತಾಳೆ. ಅಮ್ಮ ಮಾಡುವ ಮೀನಿನ ಸೂಪಿನಲ್ಲಿ ಮೀನು ಬರೀ ಸ್ನಾನ ಮಾಡಿ ಎದ್ದು ಹೋಗಿರುತ್ತದೆ ಎಂದು ಅಜ್ಜಿ ಹೇಳಿದ್ದಾಳೆ.

ಹೆಲ್ವೆ ಮಂಡಿಯೂರಿದಲ್ಲೇ ಇದ್ದಳು. ಎದ್ದು ಹೋಗಿ ಮರೆಯಾಗಲು ಆ ಬಯಲಿನಲ್ಲಿ ಒಂದು ಗಿಡವೂ ಇರಲಿಲ್ಲ.

"ಎಷ್ಟು ಹುಳು?" ಎಂದಳು ಅನ್ನೆಲಿ. ಅವಳ ದನಿ ಏನೋ ಆಗಿತ್ತು.

"ಎರಡು. ಒಂದನ್ನ ಉಗಿದ."

ಅನ್ನೆಲಿ ಕಾಸ್ಪರನನ್ನು ನೋಡಿದಳು. ಅವನು ಮೀನಿಗೆ ಟೋಪಿ ತೊಡಿಸುತ್ತಿದ್ದ. ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಹೆಲ್ವೆ ಗಾಬರಿಯಾಗಿ ನೋಡಿದರೆ ನಗು. ತಡೆಯಲು ಹೋಗಿ ತಡೆಯಲಾರದೆ ಹೊಟ್ಟೆ ಹಿಡಿದುಕೊಳ್ಳುವಂತೆ ಬಂದ, ಕಣ್ಣಲ್ಲಿ ನೀರು ತರಿಸುವ ನಗು. ಸ್ನಾನ ಮಾಡಿ ಎದ್ದು ಹೋಗುತ್ತಾ, ಸ್ನಾನ ಮಾಡಿ ಎದ್ದು ಹೋಗುತ್ತಾ, ಎಂದು ಎರಡು ಸಲ ಹೇಳಿ ಮತ್ತೆ ನಕ್ಕಳು. ಐವತ್ತು ಹೆಜ್ಜೆ ಆಚೆಯ ಹುಡುಗ ತಿರುಗಿ ನೋಡಿ, ಏನೆಂದು ಗೊತ್ತಿಲ್ಲದೆಯೂ ನಕ್ಕ. ನಗು ಇಳಿದ ಮೇಲೆ ಅವಳು ಕೈಗವಸಿನಿಂದ ಕಣ್ಣೊರೆಸಿಕೊಂಡು, ಅತ್ತೆಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಎಬ್ಬಿಸುವಾಗ ಮುಖ ಕೊಡದೆಯೇ ಹೇಳಿದಳು: ಭಾನುವಾರ ರಾತ್ರಿ ಮನೆಗೆ ಬಂದ ಮಕ್ಕಳ ಕೂದಲಲ್ಲಿ ಮೀನಿನ ವಾಸನೆ, ಬಾಯಲ್ಲಿ ಮಾತಿಲ್ಲ, ತನ್ನನ್ನು ಬಿಟ್ಟು ಇವರೆಲ್ಲ ಎಲ್ಲೋ ಚೆನ್ನಾಗಿದ್ದು ಬರುತ್ತಾರೆ ಎಂದು ಹೊಟ್ಟೆಕಿಚ್ಚಾಗುತ್ತಿತ್ತು, ಅದಕ್ಕೇ ಬಂದದ್ದು.

ಆಮೇಲೆ ಅವರು ಬ್ರೆಡ್ಡು ತಿಂದರು, ಚಹಾ ಕುಡಿದರು. ವಾಲ್ಡುರ್ ಬಂದು ಕಲ್ಲುಗಳನ್ನು ನೋಡಿ, ಕಥೆ ಕೇಳಿ, ಒಂದೂ ಮಾತಾಡದೆ ಅವನ್ನೆಲ್ಲ ತನ್ನ ಗಾಡಿಗೆ ಹೇರಿಕೊಂಡ. ತಮ್ಮ ತೂತುಗಳ ಸುತ್ತ ಹಿಮದ ಗುಡ್ಡೆ ಮಾಡಿ ಗುರುತು ಇಡುವವರೆಗೂ ಅನ್ನೆಲಿ ಯಾರನ್ನೂ ಹೊರಡಲು ಬಿಡಲಿಲ್ಲ. ಕೊನೆಯ ಗುಡ್ಡೆಯನ್ನು ತಟ್ಟುತ್ತ, "ಮುಂದಿನ ಭಾನುವಾರ ನಂಗೆ ಡ್ಯೂಟಿ," ಎಂದಳು. "ನೀವೇ ಕರಕೊಂಡು ಬರಬೇಕು. ಎರಡು ಜೊತೆ ಕಾಲುಚೀಲ ಜಾಸ್ತಿ ಇಟ್ಟು ಕಳಿಸ್ತೀನಿ. ಒಂದು ಜೊತೆ ನಿಮಗೆ."

ಹೆಲ್ವೆ ಹೂಂ ಎಂದಳು. ಕೈತುಂಬ ಹಿಮ ತಂದು ಆ ಕೊನೆಯ ಗುಡ್ಡೆಗೆ ಸೇರಿಸಿದಳು.

ಹಿಂದಿರುಗುವಾಗ ಗಾಡಿಯನ್ನು ಅನ್ನೆಲಿಯೇ ಎಳೆದಳು. ಹೆಲ್ವೆ ಬೇಡವೆನ್ನಲಿಲ್ಲ. ಕಾಸ್ಪರ್ ಕುರಿಯ ಚರ್ಮದಲ್ಲಿ ನಿದ್ದೆ ಹೋಗಿದ್ದ. ಲೋವೀಸೆ ತಾಯಿಯ ಪಕ್ಕದಲ್ಲಿ ಎರಡು ಹೆಜ್ಜೆ ನಡೆದು ಒಂದು ಹೆಜ್ಜೆ ಓಡುತ್ತ ಇನ್ನೂ ಹೇಳುತ್ತಲೇ ಇದ್ದಳು. ಮಂಜುಗಡ್ಡೆಯ ಮೇಲೆ ಮಾತು ಬಹಳ ದೂರ ಹರಿಯುತ್ತದೆ. ಹತ್ತು ಹೆಜ್ಜೆ ಹಿಂದಿದ್ದ ಹೆಲ್ವೆಗೆ ಒಂದೊಂದೂ ಕೇಳಿಸುತ್ತಿತ್ತು. ಮಗು ಆ ದಿನದ ತೂತಿನ ವಿಷಯಕ್ಕೆ ಬಂದಿತ್ತು. ಹೆಲ್ವೆ ಮೈ ಬಿಗಿಹಿಡಿದು ಕಾದಳು: ಚಳಿ, ಹೆದರಿಕೆ, ಒಬ್ಬಳೇ ನಿಂತದ್ದು, ಅಜ್ಜಿ ತಿರುಗಿ ನೋಡದೆ ಇದ್ದದ್ದು. ಕೇಳಲೇಬೇಕಾದದ್ದು, ಕೇಳುತ್ತೇನೆ.

"ಕೆಳಗೆ ನೀರಲ್ಲಿ ಒಂದು ಮೀನಿತ್ತು ಅಮ್ಮ," ಎಂದಳು ಲೋವೀಸೆ. "ಅದು ಬಂದು ನನ್ನ ಬೂಟಿಗೆ ಮೂಗು ತಾಗಿಸ್ತು. ಹೀಗೆ, ಮೆತ್ತಗೆ. ಎರಡು ಸಲ. ನಾನು ಅಲ್ಲಾಡಲಿಲ್ಲ, ಅದು ಓಡಿಹೋಗುತ್ತೆ ಅಂತ. ಅಷ್ಟರಲ್ಲಿ ವಾಲ್ಡುರ್ ಅಜ್ಜ ಎತ್ತಿಬಿಟ್ಟ."

ಅನ್ನೆಲಿ ನಿಂತಳು. ಹೆಲ್ವೆಯೂ ಇದ್ದಲ್ಲೇ ನಿಂತಳು. ಒಂದು ವರ್ಷ. ಈ ಮಗು ಒಂದು ವರ್ಷ ಪೂರ್ತಿ ಇದನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿತ್ತು. ಕ್ರಿಸ್‌ಮಸ್ ಊಟದಲ್ಲಿ ಆಲೂಗಡ್ಡೆ ಅಗಿಯುವುದನ್ನು ನಿಲ್ಲಿಸಿ ತನ್ನ ಕಡೆ ನೋಡಿದ್ದು, ಈಗಲಾದರೂ ಹೇಳಲೇ ಎಂದು ಕೇಳಲು.

"ಯಾವ ಬಣ್ಣದ್ದು?" ಎಂದು ಅನ್ನೆಲಿ ಮಗಳನ್ನು ಕೇಳುತ್ತಿದ್ದಳು. ಹೆಲ್ವೆ ಆ ಹತ್ತು ಹೆಜ್ಜೆಗಳನ್ನು ಬೇಗ ಬೇಗ ದಾಟಿದಳು. ಉತ್ತರ ಅವಳಿಗೂ ಬೇಕಾಗಿತ್ತು.